ಉದ್ಯಾನಪ್ರಿಯ ದಿವಾನ ಸರ್ ಮಿರ್ಜಾ ಇಸ್ಮಾಯಿಲ್

ಮೈಸೂರಿನ ದಿವಾನರ ಪೈಕಿ ಸರ್ ಮಿರ್ಜಾ ಇಸ್ಮಾಯಿಲರ ಹೆಸರು ಹೂದೋಟಗಳೊಡನೆ ಬೆರೆತುಹೋಗಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರ ಚರಿತ್ರೆಯನ್ನು ಓದುವಾಗ ಹೂವಿನೊಡನೆ ಹಣದ ಲೆಕ್ಕವೂ ನೆನಪಾಗುತ್ತದೆ.

ಮಿರ್ಜಾ ಅವರು 1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರ ಪಿತಾಮಹ ಅಲಿ ಅಸ್ಕರ್ ಪರ್ಷಿಯಾದಿಂದ ಬಂದು, ಕುದುರೆ ವ್ಯಾಪಾರ ಮಾಡಿ, ಇಲ್ಲಿಯೇ ನೆಲೆಸಿದವರು. ಬಾಲಕ ಮಿರ್ಜಾ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಬೆಳೆದರು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಸಂಸ್ಥಾನದ ಸೇವೆಗೆ ಸೇರಿ, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದು, 1926ರಲ್ಲಿ ದಿವಾನರಾದರು.

ಅವರ ಆಡಳಿತದಲ್ಲಿಯೇ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಮೈದಳೆಯಿತು. ಕಾಶ್ಮೀರದ ಶಾಲಿಮಾರ್ ತೋಟ ಅದಕ್ಕೆ ಮಾದರಿ. ವಿನ್ಯಾಸ ಜರ್ಮನಿಯ ಕ್ರುಂಬಿಗಲ್ಲರದು. ದಿವಾನರು ಮುಂಜಾನೆ ಕುದುರೆಯೇರಿ ಬೀದಿ, ತೋಟಗಳನ್ನು ತಾವೇ ನೋಡಿ ಬರುತ್ತಿದ್ದರು. ರೈತನ ಗದ್ದೆಗೆಂದು ಕಟ್ಟಿದ ಅಣೆಯ ಬುಡದಲ್ಲಿ ಹೂವಿಗೇಕೆ ವೆಚ್ಚ ಎಂದು ಯಾರಾದರೂ ಕೇಳಬಹುದು. ಸೌಂದರ್ಯವೂ ಪ್ರಜೆಗೆ ಸಲ್ಲಬೇಕಾದ ಸೌಕರ್ಯ ಎಂಬುದೇ ಅವರ ಕೆಲಸ ಕೊಡುವ ಉತ್ತರ.

1940ರಲ್ಲಿ ಮಹಾರಾಜರು ತೀರಿಕೊಂಡರು. ಮರುವರ್ಷ ಮಿರ್ಜಾ ಅಧಿಕಾರ ತ್ಯಜಿಸಿದರು. ಅನಂತರ ಜಯಪುರ, ಹೈದರಾಬಾದುಗಳ ಆಡಳಿತ ನಡೆಸಿ, 1959ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಇಲ್ಲಿಯೇ ನನ್ನ ಪ್ರಶ್ನೆ ಹುಟ್ಟುತ್ತದೆ. ತೋಟ ಮಾಡುವುದು ಒಮ್ಮೆಯ ವೆಚ್ಚ. ನೀರೆರೆಯುವುದು ನಿತ್ಯದ ವೆಚ್ಚ. ದಿವಾನರ ಕಣ್ಣು ಮರೆಯಾದ ಮೇಲೆ ತೋಟವನ್ನು ಕಾಯುವವರು ಯಾರು? ಬೃಂದಾವನಕ್ಕೂ ಮೃಗಾಲಯಕ್ಕೂ ಟಿಕೇಟಿನ ಹಣವುಂಟು. ಅದೂ ಸ್ಥಿರವಲ್ಲ: 2020ರಲ್ಲಿ ಬಾಗಿಲು ಮುಚ್ಚಿದಾಗ ಮೈಸೂರು ಮೃಗಾಲಯವು ದಾನಿಗಳ ಕಡೆ ನೋಡಬೇಕಾಯಿತು. ಬಾಗಿಲಲ್ಲಿ ಕಾಸು ಕೇಳದ ಬಡಾವಣೆಯ ಉದ್ಯಾನಗಳ ಪಾಡನ್ನು ಹೇಳಬೇಕಾದುದೇ ಇಲ್ಲ. 1985ರ ಉದ್ಯಾನ ಸಂರಕ್ಷಣಾ ಶಾಸನ ನೆಲವನ್ನು ಕಾಯುತ್ತದೆಯೇ ಹೊರತು, ಗಿಡಕ್ಕೆ ನೀರು ಹಾಕುವುದಿಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಜನರು 1984ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಸಾವಿರಕ್ಕೆ ಒಂದರಂತೆ ಮಾರಾಟ ತೆರಿಗೆ ವಿಧಿಸಿ, ಅರ್ಧವನ್ನು ರಾಜ್ಯದ ಉದ್ಯಾನಗಳಿಗೂ ಉಳಿದರ್ಧವನ್ನು ಮಣ್ಣು ನೀರಿನ ರಕ್ಷಣೆಗೂ ಮೀಸಲಿಟ್ಟರು. ಅದು ಮುಂದುವರಿಯಲು ಮತ್ತೆ ಮತದಾರರ ಒಪ್ಪಿಗೆ ಬೇಕು. 2016ರಲ್ಲಿಯೂ ಅವರು ಒಪ್ಪಿದರು. ಹೀಗಾಗಿ ತೆರಿಗೆ ಪಡೆದವರು ಜನರಿಗೆ ಲೆಕ್ಕ ಒಪ್ಪಿಸಲೇಬೇಕು.

ನಮ್ಮಲ್ಲಿ ನಗರಪಾಲಿಕೆಗೆ ಮಾರಾಟ ತೆರಿಗೆಯ ಅಧಿಕಾರವಿಲ್ಲ. ಆದರೆ ಮನೆ ಕಂದಾಯದೊಡನೆ ಗ್ರಂಥಾಲಯ ಕರವನ್ನು ನಾವು ಕೊಡುತ್ತಲೇ ಇದ್ದೇವೆ. ಪುಸ್ತಕಕ್ಕೆ ಮೀಸಲು ಹಣವಿರುವಾಗ ಗಿಡಕ್ಕೇಕಿರಬಾರದು? ಹೊಸ ಕರ ಬಡವನ ಮೇಲೆ ಭಾರವಾಗಬಾರದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ತನ್ನದೇ ತೋಟವಿಲ್ಲದ ಬಡವನಿಗೇ ಊರ ತೋಟ ಹೆಚ್ಚು ಬೇಕು. ಅರಸರ ಔದಾರ್ಯ, ದಿವಾನರ ಅಭಿರುಚಿ ಎರಡೂ ಭಾಗ್ಯವಶದಿಂದ ದೊರೆತವು. ಪ್ರಜಾಪ್ರಭುತ್ವದಲ್ಲಿ ಅವುಗಳ ಸ್ಥಾನವನ್ನು ಶಾಸನವೂ ನಮ್ಮ ಕಾಸೂ ತುಂಬಬೇಕು. ಮಿರ್ಜಾ ಅವರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದೇ ಎಂದು ನಾನು ನಂಬಿದ್ದೇನೆ.