ಹೊಟ್ಟೆಗೂ ಬೇಕು ವಿಶ್ರಾಂತಿ

ಮನಸ್ಸಿಗೆ ಟೆನ್ಷನ್ ಆದರೆ ಹೊಟ್ಟೆ ಕೆಡೋದು ಹೊಸತಲ್ಲ. ಗಾಂಧೀಜಿಯವರಿಗೂ ಹೊಟ್ಟೆಯ ಕಾಟ ತಪ್ಪಲಿಲ್ಲ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಅವರು ದಕ್ಷಿಣ ಆಫ್ರಿಕಾದಲ್ಲಿ ವಕೀಲಿ ಮಾಡುವಾಗ ಮಲಬದ್ಧತೆ, ತಲೆನೋವಿನಿಂದ ಬಳಲಿದರು. ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ ಕಟ್ಟಿ ನೋಡಿದರು. ನಡಿಗೆಯನ್ನಂತೂ ಬಿಡಲಿಲ್ಲ. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಹಳ್ಳಿಹಳ್ಳಿ ಅಲೆದು ದಣಿದಿದ್ದಾಗ ಆಮಶಂಕೆ ಶುರುವಾಯಿತು. ಹಬ್ಬದ ದಿನ ಕಸ್ತೂರಬಾ ಮಾಡಿದ ಸಿಹಿಯನ್ನು ಹೊಟ್ಟೆ ತುಂಬ ಉಂಡದ್ದೇ ತಡ, ಅದು ಉಲ್ಬಣಿಸಿ ಹಾಸಿಗೆ ಹಿಡಿದರು. ಹಾಲು ಬಿಟ್ಟಿದ್ದವರಿಗೆ ಆಡಿನ ಹಾಲು ಸೂಚಿಸಿದವರೂ ಕಸ್ತೂರಬಾ ಅವರೇ.

1927ರ ಮಾರ್ಚಿನಲ್ಲಿ ಖಾದಿ ಪ್ರವಾಸದ ಮೇಲೆ ಕೊಲ್ಹಾಪುರದಿಂದ ನಮ್ಮ ನಿಪ್ಪಾಣಿಗೆ ಬಂದರು. ಬಿಡುವಿಲ್ಲದ ದುಡಿಮೆಗೆ ರಕ್ತದೊತ್ತಡ ಏರಿ ಮೈ ಕುಸಿಯಿತು. ವೈದ್ಯರ ಮಾತಿಗೆ ಒಪ್ಪಿ ಪ್ರವಾಸ ನಿಲ್ಲಿಸಿದರು. ಏಪ್ರಿಲ್‌ನಿಂದ ಜೂನ್ ಮೊದಲವರೆಗೆ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಚೇತರಿಸಿಕೊಂಡ ಮೇಲೆ ಮತ್ತೆ ಕರ್ನಾಟಕ ಸುತ್ತಿದರು. ಸೋಮವಾರದ ಮೌನವ್ರತವನ್ನು ವರ್ಷಗಟ್ಟಲೆ ಪಾಲಿಸಿದರು. 1948ರಲ್ಲಿ ಹತ್ಯೆಯಾಗುವವರೆಗೂ ಅವರ ದಿನಚರಿ ಶಿಸ್ತಿನದ್ದೇ.

ಮಣ್ಣಿನ ಪಟ್ಟಿ, ಆಡಿನ ಹಾಲು ನಮಗೆ ಬೇಕಿಲ್ಲ. ಅವರ ಶಿಸ್ತು ಸಾಕು. ಮನೆಮಂದಿಯೆಲ್ಲ ಉಂಡ ಮೇಲೆ ತಣ್ಣಗಾದ ರೊಟ್ಟಿ ನುಂಗುವ, ಊಟ ತಪ್ಪಿಸಿ ಚಹಾದ ಮೇಲೇ ದಿನ ದೂಡುವ ಅಕ್ಕ-ತಂಗಿಯರೇ, ಹೊತ್ತಿಗೆ ಸರಿಯಾಗಿ ಕೂತು, ನಿಧಾನವಾಗಿ ಅಗಿದು ಉಣ್ಣಿ. ಸಂಜೆ ಅರ್ಧ ಗಂಟೆ ನಡೆಯಿರಿ. ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕೂತು ದೀರ್ಘವಾಗಿ ಉಸಿರಾಡಿ. ರಾತ್ರಿ ನಿದ್ದೆ ಕೆಡಿಸುವ ನೋವು, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮಾತ್ರ ಟೆನ್ಷನ್ ಅಂತ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ.