ಆಲ್ಬರ್ಟ್ ಕೋಲಿಕರ್: ನುಣುಪು ಸ್ನಾಯುವಿನ ಕೋಶವನ್ನು ತೋರಿಸಿಕೊಟ್ಟವರು

ಬೋಧನಾಭ್ಯಾಸಕ್ಕಾಗಿ ಬಂಡ್ರಿಯಲ್ಲಿ ಒಂಬತ್ತನೆಯ ತರಗತಿಗೆ ಅಂಗಾಂಶಗಳ ಪಾಠ ಮಾಡುತ್ತಿದ್ದೆ. ತಿಂದ ರೊಟ್ಟಿ ಹೊಟ್ಟೆಯಿಂದ ಮುಂದಕ್ಕೆ ಹೋಗುವುದು ಹೇಗೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಜಠರ ಮತ್ತು ಕರುಳಿನ ಗೋಡೆಯಲ್ಲಿರುವ ನುಣುಪು ಸ್ನಾಯು ಅದನ್ನು ತಳ್ಳುತ್ತದೆ ಎಂದೆ. ಅಷ್ಟು ಸರಿ. ಆದರೆ ಕಪ್ಪುಹಲಗೆಯ ಮೇಲೆ ಆ ಸ್ನಾಯುವನ್ನು ಉದ್ದನೆಯ ದಾರಗಳಂತೆ ಬರೆದುಬಿಟ್ಟೆ. ಅದು ತಪ್ಪು. ಒಂದು ಕಾಲದಲ್ಲಿ ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. ಅದನ್ನು ತಿದ್ದಿದವರು ಆಲ್ಬರ್ಟ್ ಕೋಲಿಕರ್.

ಕೋಲಿಕರ್ ಅವರು 1817ರ ಜುಲೈ 6ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಜನಿಸಿದರು. ಬರ್ಲಿನ್‌ನಲ್ಲಿ ಯೊಹಾನೆಸ್ ಮ್ಯುಲರ್ ಮತ್ತು ಯಾಕೋಬ್ ಹೆನ್ಲೆ ಅವರ ಬಳಿ ಕಲಿತರು. ಶ್ಲೈಡೆನ್ ಮತ್ತು ಶ್ವಾನ್ ಅವರ ಕೋಶ ಸಿದ್ಧಾಂತ ಆಗಷ್ಟೇ ಹೊರಬಂದಿತ್ತು. ಎಲ್ಲ ಜೀವಿಗಳೂ ಕೋಶಗಳಿಂದಾಗಿವೆ ಎಂದರೆ ಸಾಲದು, ದೇಹದ ಒಂದೊಂದು ಭಾಗದಲ್ಲೂ ಅದನ್ನು ಕಣ್ಣಾರೆ ಕಂಡು ತೋರಿಸಬೇಕಿತ್ತು. ಕೋಲಿಕರ್ ತಮ್ಮ ಜೀವನವನ್ನು ಈ ಕೆಲಸಕ್ಕೇ ಕೊಟ್ಟರು. ವೀರ್ಯಾಣುಗಳು ಪರಾವಲಂಬಿ ಜೀವಿಗಳೆಂಬ ನಂಬಿಕೆಯಿದ್ದ ಕಾಲದಲ್ಲಿ, ಅವು ವೃಷಣದ ಕೋಶಗಳಿಂದಲೇ ಹುಟ್ಟುತ್ತವೆ ಎಂದು 1841ರಲ್ಲಿ ತೋರಿಸಿದರು. ಆಗ ಅವರ ವಯಸ್ಸು 24.

1847ರಲ್ಲಿ ಅವರು ಜರ್ಮನಿಯ ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅದೇ ಸುಮಾರಿಗೆ ನುಣುಪು ಸ್ನಾಯುವನ್ನು ಬಿಡಿಬಿಡಿಯಾಗಿಸಿ ಸೂಕ್ಷ್ಮದರ್ಶಕದಡಿ ನೋಡಿದರು. ಅಲ್ಲಿ ಉದ್ದನೆಯ ಪಟ್ಟಿಗಳಿರಲಿಲ್ಲ. ನಡುವೆ ದಪ್ಪ, ಎರಡೂ ತುದಿ ಚೂಪಾದ, ಒಂದೊಂದೇ ಕೋಶಕೇಂದ್ರವಿರುವ ಗಿಡ್ಡ ಕೋಶಗಳಿದ್ದವು. ಕರುಳಿನಲ್ಲಷ್ಟೇ ಅಲ್ಲ, ರಕ್ತನಾಳಗಳ ಗೋಡೆಯಲ್ಲೂ ಇಂಥ ಕೋಶಗಳನ್ನು ಗುರುತಿಸಿದರು. ರಕ್ತನಾಳ ಹಿಗ್ಗಿ ಕುಗ್ಗುವುದನ್ನು ಅರಿಯಲು ಇದು ದಾರಿಯಾಯಿತು. 1852ರಲ್ಲಿ ಪ್ರಕಟವಾದ ಅವರ ಅಂಗಾಂಶ ವಿಜ್ಞಾನದ ಪಠ್ಯಪುಸ್ತಕವನ್ನು ಹಲವು ದೇಶಗಳ ವೈದ್ಯ ವಿದ್ಯಾರ್ಥಿಗಳು ಓದಿದರು.

ಈ ಕೋಶ ಸಂಕೋಚಿಸುವ ಬಗೆ ತಿಳಿದದ್ದು ಕೋಲಿಕರ್ ಅವರ ನಂತರದ ಶತಮಾನದಲ್ಲಿ. ಕೋಶದೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳಿವೆ. ಅಸ್ಥಿಸ್ನಾಯುವಿನಲ್ಲಿರುವಂತೆ ಇವು ಸಾಲಾಗಿ ಜೋಡಿಸಿಕೊಂಡಿಲ್ಲ. ಆದ್ದರಿಂದಲೇ ಇಲ್ಲಿ ಪಟ್ಟೆಗಳು ಕಾಣುವುದಿಲ್ಲ. ಕೋಶದಲ್ಲಿ ಕ್ಯಾಲ್ಸಿಯಂ ಹೆಚ್ಚಿದಾಗ ಅದು ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಒಂದು ಕಿಣ್ವವನ್ನು ಎಚ್ಚರಿಸುತ್ತದೆ, ಕಿಣ್ವವು ಮಯೋಸಿನ್‌ಗೆ ಫಾಸ್ಫೇಟ್ ಸೇರಿಸುತ್ತದೆ. ಆಗ ಮಯೋಸಿನ್ ಎಟಿಪಿಯ ಶಕ್ತಿಯಿಂದ ಆಕ್ಟಿನ್ ಎಳೆಗಳನ್ನು ಎಳೆಯುತ್ತದೆ, ಕೋಶ ಗಿಡ್ಡವಾಗುತ್ತದೆ. ಕೆಲಸ ನಿಧಾನ, ಆದರೆ ಕಡಿಮೆ ಶಕ್ತಿಯಲ್ಲಿ ಬಹುಹೊತ್ತು ಬಿಗಿಹಿಡಿಯಬಲ್ಲದು. ಇದು ನಮ್ಮ ಇಚ್ಛೆಗೆ ಒಳಪಡುವುದಿಲ್ಲ.

ಕೋಲಿಕರ್ ಅವರ ಜೀವನದಲ್ಲಿ ನಮಗೆ, ಅಂದರೆ ಶಿಕ್ಷಕರಾಗುವವರಿಗೆ, ಬಹು ಮುಖ್ಯವಾದ ಘಟನೆ 1889ರದು. ನರಮಂಡಲವೆಲ್ಲ ಒಂದಕ್ಕೊಂದು ಬೆಸೆದ ಬಲೆ ಎಂದು ಅವರು ಒಪ್ಪಿಕೊಂಡಿದ್ದರು. ಆ ವರ್ಷ ಬರ್ಲಿನ್ನಿನ ಸಮ್ಮೇಳನದಲ್ಲಿ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಎಂಬ, ಹೆಚ್ಚು ಪರಿಚಯವಿಲ್ಲದ ವಿಜ್ಞಾನಿ ತಮ್ಮ ಸ್ಲೈಡುಗಳನ್ನು ತೋರಿಸಿದರು. ನರಕೋಶಗಳೂ ಬಿಡಿಬಿಡಿಯಾಗಿವೆ ಎಂಬುದು ಅವರ ವಾದ. 72 ವರ್ಷದ ಕೋಲಿಕರ್ ಸ್ಲೈಡುಗಳನ್ನು ನೋಡಿದರು, ಊರಿಗೆ ಮರಳಿ ಆ ಪ್ರಯೋಗವನ್ನು ತಾವೇ ಮಾಡಿದರು, ತಮ್ಮ ಹಳೆಯ ಅಭಿಪ್ರಾಯವನ್ನು ಬಹಿರಂಗವಾಗಿ ಬಿಟ್ಟುಕೊಟ್ಟರು. ಕಹಾಲ್ ಅವರ ಲೇಖನಗಳನ್ನು ಓದಲೆಂದೇ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು. ದೊಡ್ಡ ಹೆಸರಿನ ಪ್ರಾಧ್ಯಾಪಕರೊಬ್ಬರು ಒಪ್ಪಿದ್ದರಿಂದ ಕಹಾಲ್ ಅವರ ಮಾತಿಗೆ ಯುರೋಪಿನಲ್ಲಿ ಬೆಲೆ ಬಂದಿತು.

1896ರ ಜನವರಿ 23ರಂದು ವ್ಯುರ್ಟ್ಸ್‌ಬುರ್ಗ್‌ನ ಸಭೆಯಲ್ಲಿ ರಾಂಟ್ಜೆನ್ ತಮ್ಮ ಹೊಸ ಕಿರಣಗಳನ್ನು ವಿವರಿಸಿದರು. ಅಂದು ಎಕ್ಸ್-ರೇ ಚಿತ್ರಕ್ಕೆ ಕೈಯೊಡ್ಡಿದವರು 78 ವರ್ಷದ ಕೋಲಿಕರ್. ಆ ಕಿರಣಗಳಿಗೆ ರಾಂಟ್ಜೆನ್ ಹೆಸರಿಡಬೇಕೆಂದು ಸೂಚಿಸಿದವರೂ ಅವರೇ. 1905ರ ನವೆಂಬರ್ 2ರಂದು ಅದೇ ಊರಿನಲ್ಲಿ ನಿಧನರಾದರು.

ಮರುದಿನ ತರಗತಿಗೆ ಹೋಗಿ, ನಿನ್ನೆ ನಾನು ಬರೆದ ಚಿತ್ರ ತಪ್ಪು ಎಂದು ಹೇಳಿದೆ. ಹೇಳುವ ಮೊದಲು ಅಳುಕಿತ್ತು. ಮಕ್ಕಳ ಮುಂದೆ ಸಣ್ಣವಳಾಗುತ್ತೇನೆ ಎನಿಸಿತ್ತು. ಹಾಗೇನೂ ಆಗಲಿಲ್ಲ. ಪುಸ್ತಕದಲ್ಲಿರುವ ‘ಕದಿರಿನಾಕಾರ’ ಎಂಬ ಪದ ನೂಲುವುದನ್ನೇ ಕಾಣದ ಮಕ್ಕಳಿಗೆ ಹೊಳೆಯದು. ಆದ್ದರಿಂದ ಜೇಡಿಮಣ್ಣನ್ನು ಅಂಗೈಯಲ್ಲಿ ಹೊಸೆದು, ಎರಡೂ ತುದಿ ಚೂಪು ಮಾಡಿ, ನಡುವೆ ಒಂದು ಕಡಲೆಕಾಳು ಒತ್ತಿಸಿದೆ. ಒಂದು ಕೋಶಕ್ಕೆ ಒಂದೇ ಕಾಳು. ಪ್ರಶ್ನೆ ಕೇಳಿದ ಹುಡುಗಿಯೇ ಎಲ್ಲರ ಮಣ್ಣಿನ ಕೋಶಗಳನ್ನು ಒತ್ತೊತ್ತಾಗಿ ಜೋಡಿಸಿ ಕರುಳಿನ ಗೋಡೆ ಕಟ್ಟಿದಳು.