ರೈಲಿನಲ್ಲಿ ಹಾಡಿದ ಹುಡುಗ: ಕೋಝಿಕ್ಕೋಡಿನ ಬಾಬುರಾಜ್

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಮದರಂಗಿಯ ರಾತ್ರಿ ಕೇಳಿಬರುವ ಹಳೆಯ ಮಾಪಿಳ ಹಾಡುಗಳಲ್ಲಿ ಕೆಲವು ಸಿನಿಮಾದಿಂದ ಬಂದವು ಅಂತ ಹಾಡುವವರಿಗೇ ಗೊತ್ತಿರುವುದಿಲ್ಲ. ಅಜ್ಜಿಯರ ಕಾಲದಿಂದ ಬಂದ ಹಾಡು ಅಂತಲೇ ನಾವೆಲ್ಲ ತಿಳಿದಿದ್ದೇವೆ. ಮಲಯಾಳ ಸಿನಿಮಾದಲ್ಲಿ ಅಂಥ ರಾಗಗಳನ್ನು ಕಟ್ಟಿದವರಲ್ಲಿ ಮುಖ್ಯರು ಕೋಝಿಕ್ಕೋಡಿನ ಎಂ.ಎಸ್. ಬಾಬುರಾಜ್. ಪೂರ್ತಿ ಹೆಸರು ಮುಹಮ್ಮದ್ ಸಾಬಿರ್ ಬಾಬುರಾಜ್.

ಸಂಗೀತ, ಸಿನಿಮಾಗಳ ಬಗ್ಗೆ ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆ ಇವತ್ತು ಬೇಡ. ನಾವು ಹೇಳಹೊರಟದ್ದು ಹಸಿದ ಒಬ್ಬ ಹುಡುಗನ ಕಥೆ, ಅವನಿಗೆ ಅನ್ನ ಹಾಕಿದ ಒಂದು ಊರಿನ ಕಥೆ.

ಕಳೆದ ಶತಮಾನದ 20ರ ದಶಕದಲ್ಲಿ ಬಾಬುರಾಜ್ ಹುಟ್ಟಿದರು. ತಂದೆ ಜಾನ್ ಮುಹಮ್ಮದ್ ಖಾನ್ ಬಂಗಾಳದಿಂದ ಬಂದ ಹಿಂದೂಸ್ತಾನಿ ಹಾಡುಗಾರ. ತಾಯಿ ಮಲಯಾಳಿ. ಮಗ ಇನ್ನೂ ಚಿಕ್ಕವನಿರುವಾಗಲೇ ತಂದೆ ಮನೆ ಬಿಟ್ಟು ಕಲ್ಕತ್ತಾಕ್ಕೆ ಹೋದರು. ಬಾಬು ಮತ್ತು ಅವನ ತಮ್ಮ ಯತೀಂ ಮಕ್ಕಳ ಹಾಗೆಯೇ ಬೀದಿಗೆ ಬಿದ್ದರು. ಬಾಬು ರೈಲು ಹತ್ತಿ ಹಾಡತೊಡಗಿದ. ತಬಲಾ ಎಲ್ಲಿಂದ ಬರಬೇಕು? ತನ್ನ ಖಾಲಿ ಹೊಟ್ಟೆಯನ್ನೇ ಬಡಿದುಕೊಂಡು ತಾಳ ಹಾಕುತ್ತಿದ್ದ. ಜನ ಕೊಟ್ಟ ಚಿಲ್ಲರೆಯಲ್ಲಿ ಅಣ್ಣ ತಮ್ಮ ಇಬ್ಬರ ಹೊಟ್ಟೆ ತುಂಬಬೇಕಿತ್ತು.

ಆ ಹಾಡು ಕುಂಞಿ ಮುಹಮ್ಮದ್ ಎಂಬ ಪೊಲೀಸ್‌ ಪೇದೆಯ ಕಿವಿಗೆ ಬಿತ್ತು. ಅವರು ದೊಡ್ಡ ಶ್ರೀಮಂತರೇನೂ ಅಲ್ಲ, ಆದರೆ ಹಾಡು ಅಂದರೆ ಪ್ರಾಣ. ಚಿಲ್ಲರೆ ಎಸೆದು ಮುಂದೆ ಹೋಗಬಹುದಿತ್ತು. ಹಾಗೆ ಮಾಡದೆ ಹುಡುಗನಿಗೆ ಆಸರೆಯಾಗಿ ನಿಂತರು. ಯತೀಮರ ತಲೆ ಸವರುವವನ ಪುಣ್ಯದ ಬಗ್ಗೆ ನಾವು ಮದ್ರಸದಲ್ಲಿ ದಿನಾ ಪಾಠ ಹೇಳುತ್ತೇವೆ. ಅಂಥ ಒಂದು ಕೈಯಿಂದ ಒಂದು ಭಾಷೆಗೆ ಏನೆಲ್ಲ ಸಿಕ್ಕಿತು ನೋಡಿ.

ಕೋಝಿಕ್ಕೋಡ್ ಆಗ ಹಾಡಿನ ಊರು. ಅಂಗಡಿಗಳ ಮೇಲಿನ ಮಾಳಿಗೆಗಳಲ್ಲಿ ರಾತ್ರಿಯಿಡೀ ಮೆಹಫಿಲ್ ನಡೆಯುತ್ತಿತ್ತು. ವ್ಯಾಪಾರಿಗಳು, ಹಮಾಲಿಗಳು ಎಲ್ಲರೂ ಸೇರುತ್ತಿದ್ದರು. ಬಾಬುರಾಜ್ ಹಾರ್ಮೋನಿಯಂ ಹಿಡಿದು ಅಲ್ಲಿ ಬೆಳೆದರು. ಮದುವೆ ಮನೆಗಳಲ್ಲಿ ಹಾಡಿದರು, ನಾಟಕಗಳಿಗೆ ರಾಗ ಹಾಕಿದರು. ತಂದೆಯ ಕಡೆಯ ಹಿಂದೂಸ್ತಾನಿ, ತಾಯಿಯ ನಾಡಿನ ಮಾಪಿಳ ಪಾಟ್ ಎರಡೂ ಅವರ ಕೊರಳಲ್ಲಿ ಒಂದಾದವು.

ಆ ಕಾಲದ ಮಲಯಾಳ ಸಿನಿಮಾಗಳಲ್ಲಿ ಹಿಂದಿ, ತಮಿಳು ಹಾಡುಗಳ ರಾಗವನ್ನೇ ಎತ್ತಿ ಇಡುವುದು ಮಾಮೂಲಾಗಿತ್ತು. 1954ರ ನೀಲಕ್ಕುಯಿಲ್ ಚಿತ್ರದಲ್ಲಿ ಕೆ. ರಾಘವನ್ ನಾಡಿನ ರಾಗಗಳನ್ನು ತಂದರು, ಮಾಪಿಳ ಧಾಟಿಯ ಹಾಡನ್ನೂ ಇಟ್ಟರು. ಅದೇ ದಾರಿಯಲ್ಲಿ 1957ರಲ್ಲಿ ರಾಮು ಕಾರ್ಯಾಟ್ ಅವರ ಮಿನ್ನಾಮಿನುಂಗ್ ಚಿತ್ರದಿಂದ ಬಾಬುರಾಜ್ ಬಂದರು. ಕವಿ ಪಿ. ಭಾಸ್ಕರನ್ ಬರೆಯುವುದು, ಇವರು ರಾಗ ಹಾಕುವುದು. ಆ ಜೋಡಿ ಕೇರಳದ ಮನೆಮನೆ ಹೊಕ್ಕಿತು.

ಮುಸ್ಲಿಂ ಮನೆಗಳ ಕಥೆಯಿರುವ ಚಿತ್ರಗಳು ಒಂದರ ಹಿಂದೆ ಒಂದು ಬಂದವು. 1960ರಲ್ಲಿ ಉಮ್ಮ. 1961ರಲ್ಲಿ ಕಂಡಂ ಬೆಚ್ಚ ಕೋಟ್. ಅಂದರೆ ತೇಪೆ ಹಾಕಿದ ಕೋಟು. ಹಜ್ ಕನಸು ಕಾಣುತ್ತಾ ಹಣ ಕೂಡಿಡುವ ಬಡ ಚಮ್ಮಾರ, ವರದಕ್ಷಿಣೆಯ ಕಷ್ಟ, ಇದು ಅದರ ಕಥೆ. ಮಲಯಾಳದ ಮೊದಲ ಬಣ್ಣದ ಚಿತ್ರವೂ ಅದೇ. 1964ರ ಕುಟ್ಟಿಕುಪ್ಪಾಯಂನಲ್ಲಿ ಮಕ್ಕಳಾಗಲಿಲ್ಲ ಅಂತ ಹೆಂಡತಿಗೆ ತಲಾಖ್ ಕೊಟ್ಟವನಿಗೆ ಕೊರತೆ ತನ್ನದೇ ಅಂತ ಆಮೇಲೆ ತಿಳಿಯುತ್ತದೆ. ಈ ಮೂರಕ್ಕೂ ಸಂಗೀತ ಬಾಬುರಾಜ್ ಅವರದ್ದೇ. ನಮ್ಮ ಮನೆಗಳಿಗೂ ಇವು ಹೊಸ ಕಥೆಗಳಲ್ಲ, ಅಲ್ವಾ?

ಅದೇ 1964ರಲ್ಲಿ ಬಂದದ್ದು ಭಾರ್ಗವೀ ನಿಲಯಂ. ಕಥೆ, ಚಿತ್ರಕಥೆ ವೈಕಂ ಮುಹಮ್ಮದ್ ಬಷೀರ್ ಅವರದ್ದು. ಅದರ ಹಾಡುಗಳು ಇಂದಿಗೂ ಹಳೆಯದಾಗಿಲ್ಲ. 2023ರಲ್ಲಿ ಅದೇ ಕಥೆ ನೀಲವೆಳಿಚ್ಚಂ ಎಂಬ ಹೆಸರಲ್ಲಿ ಮತ್ತೆ ಸಿನಿಮಾ ಆದಾಗ ಆ ಹಾಡುಗಳನ್ನೇ ಹೊಸಬರು ಹಾಡಿದರು. ಹಿಂದೆ ಮಾಪಿಳ ಮಾತು, ಮಾಪಿಳ ಹಾಡು ಅಂದರೆ ಆ ಮನೆಗಳ ಒಳಗಿನದು. ಸಿನಿಮಾದಿಂದಾಗಿ ಅದನ್ನು ಎಲ್ಲ ಜಾತಿ ಧರ್ಮದವರೂ ತಮ್ಮದೇ ಅಂತ ಹಾಡಿದರು. ಸಿನಿಮಾಕ್ಕೂ ಲಾಭವಾಯಿತು. ಬೇರೆ ಭಾಷೆಯ ರಾಗ ಎರವಲು ತರುವ ಅಗತ್ಯ ಕಡಿಮೆಯಾಯಿತು.

ಇಷ್ಟು ಕೊಟ್ಟವರ ಕೊನೆಗಾಲ ಹೇಗಿತ್ತು? ಹಣ ಕೂಡಿಡುವುದು ಅವರಿಗೆ ತಿಳಿದಿರಲಿಲ್ಲ. 70ರ ದಶಕದಲ್ಲಿ ಅವಕಾಶಗಳು ಕಡಿಮೆಯಾದವು. ಆರೋಗ್ಯ ಕೆಟ್ಟಿತು, ಬಡತನ ಮತ್ತೆ ಬಾಗಿಲಿಗೆ ಬಂತು. 1978ರ ಅಕ್ಟೋಬರ್ 7ರಂದು ಮದರಾಸಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಮೆಹಫಿಲ್‌ಗಳಲ್ಲಿ ಅವರೇ ಹಾಡಿದ್ದು ಆಮೇಲೆ ಕ್ಯಾಸೆಟ್ ಆಗಿ ಊರೂರು ಸುತ್ತಿತು. ಕೇಳಿದವರೆಲ್ಲ ಕಣ್ಣೀರು ಹಾಕಿದರು. ಆದರೆ ಆ ಕಣ್ಣೀರು ಹೋದವರ ಮನೆಯ ಒಲೆ ಉರಿಸುವುದಿಲ್ಲ.

ಹಸಿದ ಹುಡುಗನನ್ನು ಕಂಡಾಗ ಒಬ್ಬ ಪೇದೆಯ ಕೈ ಮುಂದೆ ಬಂತು. ಹೆಸರು ಮಾಡಿದ ಮನುಷ್ಯ ಸೋತಾಗ ಸಾವಿರ ಕೈಗಳಿದ್ದವು, ಆದರೆ ಸಾಕಷ್ಟು ಮುಂದೆ ಬರಲಿಲ್ಲ. ಹೆಸರಿದ್ದವನಿಗೆ ಏನು ಕೊರತೆ ಅಂತ ಎಲ್ಲರೂ ಅಂದುಕೊಂಡಿರಬೇಕು.

ನಮ್ಮ ಬ್ಯಾರಿ ಹಳ್ಳಿಗಳಲ್ಲೂ ಮದುವೆ ಹಾಡು ಬಲ್ಲ ಅಜ್ಜಿಯರಿದ್ದಾರೆ, ಬೈತ್ ಹಾಡಿ ಸ್ವರ ಸೋತ ಕಾಕಂದಿರಿದ್ದಾರೆ. ತೀರಿಹೋದ ಮೇಲೆ ಸಭೆ ಮಾಡಿ ಹೊಗಳುವುದಕ್ಕೆ ನಾವು ಹಿಂದೆ ಬೀಳುವುದಿಲ್ಲ. ಅದಕ್ಕೆ ಮೊದಲು ಒಂದು ದಿನ ಅವರ ಮನೆಗೆ ಹೋಗೋಣ. ಹಾಡು ಕೇಳೋಣ, ಬರೆದಿಟ್ಟುಕೊಳ್ಳೋಣ. ಹೊರಡುವಾಗ ಮದ್ದಿಗೆ, ಅಕ್ಕಿಗೆ ಏನು ಮಾಡುತ್ತೀರಿ ಅಂತಲೂ ಕೇಳೋಣ.